ಸೀಟು ಸಿಕ್ಕಿದ ಮೇಲೆ ಫೀಸಿನ ಚಿಂತೆ ಮಾಡಿದರೆ ತಡವಾಗುತ್ತದೆ

ಪಿಯುಸಿ ಫಲಿತಾಂಶ ಬಂದು ಸಿಇಟಿ ಸೀಟು ಹಂಚಿಕೆ ಶುರುವಾಗುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಕೇಳುವ ಮಾತು ಒಂದೇ: ಫೀಸಿಗೆ ಎಲ್ಲಿಂದ ತರುವುದು? ಮಗಳಿಗೆ ಮಾರ್ಕ್ ಇದೆ, ಸೀಟೂ ಇದೆ, ಕಟ್ಟಲು ಹಣ ಇಲ್ಲ. ಆಗ ಗಲ್ಫಿನಲ್ಲಿರುವ ಸಂಬಂಧಿಕರಿಗೆ ಫೋನು, ಜಮಾಅತಿಗೆ ಅರ್ಜಿ, ಕೊನೆಗೆ ಉಮ್ಮನ ಚಿನ್ನ ಅಡವು.

ಸರಕಾರದ ಸಹಾಯದ ದಾರಿಗಳು ಈಗ ಬದಲಾಗಿವೆ. ವಿದೇಶದಲ್ಲಿ ಓದುವ ಅಲ್ಪಸಂಖ್ಯಾತ ಮಕ್ಕಳ ಸಾಲದ ಬಡ್ಡಿಗೆ ನೆರವಾಗುತ್ತಿದ್ದ 'ಪಢೋ ಪರದೇಶ್' ಯೋಜನೆಯನ್ನು ಕೇಂದ್ರ 2022-23ರಿಂದ ನಿಲ್ಲಿಸಿತು. 2024ರ ನವೆಂಬರಿನಲ್ಲಿ 'ಪಿಎಂ ವಿದ್ಯಾಲಕ್ಷ್ಮಿ'ಗೆ ಸಂಪುಟದ ಒಪ್ಪಿಗೆ ಸಿಕ್ಕಿತು. ಇದರಲ್ಲಿ ಆಸ್ತಿ ಅಡಮಾನ ಬೇಡ, ಜಾಮೀನುದಾರರೂ ಬೇಡ. ಮನೆಯ ವಾರ್ಷಿಕ ಆದಾಯ 8 ಲಕ್ಷ ರೂ. ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವ ತನಕ, ಶೇ. 3ರಷ್ಟು ಬಡ್ಡಿ ರಿಯಾಯಿತಿ ಉಂಟು. ಆದರೆ ಎಲ್ಲ ಕಾಲೇಜಿಗೂ ಇದು ಇಲ್ಲ. ಆರಂಭದ ಪಟ್ಟಿಯಲ್ಲಿ ಇದ್ದದ್ದು ದೇಶದ 860 ಸಂಸ್ಥೆಗಳು ಮಾತ್ರ. ಕಾಲೇಜು ಆರಿಸುವ ಮೊದಲೇ ಪಟ್ಟಿ ನೋಡಿ.

ಇನ್ನೊಂದು ವಿಷಯ. 'ಕೆಲಸ ಸಿಕ್ಕಿದ ಮೇಲೆ ಕಟ್ಟಿದರೆ ಸಾಕು' ಅಂತ ಹಲವರು ನಂಬಿದ್ದಾರೆ. ಸಾಮಾನ್ಯ ಬ್ಯಾಂಕ್ ಸಾಲದಲ್ಲಿ ಓದು ಮುಗಿದು ಒಂದು ವರ್ಷದ ತನಕ ಕಂತು ಇರುವುದಿಲ್ಲ, ನಿಜ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತಾ ಇರುತ್ತದೆ. ಹಾಗಾಗಿ ಮೊದಲು ನಮ್ಮ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲದ ಬಗ್ಗೆ ವಿಚಾರಿಸಿ. ಸಿಇಟಿಯಂಥ ಪರೀಕ್ಷೆ ಬರೆದು ವೃತ್ತಿಪರ ಕೋರ್ಸಿಗೆ ಸೇರುವವರಿಗಾಗಿ ಇರುವ ಸಾಲ ಇದು.

ಬಡ್ಡಿ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದುವೆ ಹಾಲಿಗೆ, ಬಿರಿಯಾನಿಗೆ ಚಿನ್ನ ಅಡವಿಟ್ಟು ಬಡ್ಡಿ ಕಟ್ಟುವಾಗ ನೆನಪಾಗದ ರಿಬಾ, ಮಗಳ ಕಾಲೇಜು ಫೀಸಿನ ಹೊತ್ತಿಗೆ ಮಾತ್ರ ಯಾಕೆ ನೆನಪಾಗುತ್ತದೆ? ಹರಾಮ್ ಅಂತ ಹೇಳಿ ಕೈ ತೊಳೆದುಕೊಂಡರೆ ಆಗುವುದಿಲ್ಲ. ಹಲಾಲ್ ದಾರಿ ತೋರಿಸುವ ಹೊಣೆಯೂ ಹೇಳುವವರ ಮೇಲಿದೆ. ಉಸ್ತಾದರೆಂದು ಕರೆಸಿಕೊಳ್ಳುವ ನಮ್ಮ ಮೇಲೆ ಮೊದಲು.

ಆ ದಾರಿ ನಮ್ಮಲ್ಲೇ ಇದೆ, ಕರ್ಝ್ ಹಸನ್. ಪ್ರತಿ ಜಮಾಅತಿನಲ್ಲಿ ಬಡ್ಡಿಯಿಲ್ಲದ ವಿದ್ಯಾ ನಿಧಿಯೊಂದು ಇರಲಿ. ಹಣ ನೇರ ಕಾಲೇಜಿಗೆ ಹೋಗಲಿ, ಲೆಕ್ಕ ವರ್ಷಕ್ಕೊಮ್ಮೆ ಎಲ್ಲರ ಮುಂದೆ ಬರಲಿ. ಕೊಟ್ಟದ್ದನ್ನು ಸಾಕ್ಷಿಗಳ ಎದುರು ಬರೆದಿಡಬೇಕು. ಕುರ್‌ಆನಿನ ಅತಿ ಉದ್ದದ ಆಯತ್, ಅಲ್ ಬಕರದ 282, ಸಾಲ ಬರೆದಿಡುವ ಬಗ್ಗೆಯೇ ಇರುವುದು. ಕಲಿತು ಕೆಲಸಕ್ಕೆ ಸೇರಿದ ಒಬ್ಬ ಹುಡುಗ ತಿಂಗಳಿಗೆ 3,000 ರೂ. ಹಿಂದಿರುಗಿಸಿದರೂ ವರ್ಷಕ್ಕೆ 36,000 ಆಯಿತು. ಅದು ಇನ್ನೊಬ್ಬಳ ಫೀಸಿಗೆ ಆಗುತ್ತದೆ.

ಮಸೀದಿಗೆ ಮಾರ್ಬಲ್ ಹಾಕಿಸಲು ನಾವು ಕೈಬಿಚ್ಚಿ ಕೊಟ್ಟಿದ್ದೇವೆ, ಅಲ್ಲಾಹು ಸ್ವೀಕರಿಸಲಿ. ಮುಂದಿನ ಮಹಾಸಭೆಯಲ್ಲಿ ಮಕ್ಕಳ ಫೀಸಿನ ವಿಷಯವೂ ಚರ್ಚೆಗೆ ಬರಲಿ. ಹೆತ್ತವರು ಅಷ್ಟರೊಳಗೆ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.