ಕೀಹೋಲ್ ಸರ್ಜರಿ ಎಂದರು, ಭುಜದಲ್ಲಿ ಮೂರು ತೂತು ಯಾಕೆ?

"ಕೀಹೋಲ್ ಅಂದ್ರೆ ಒಂದೇ ತೂತು. ಮೂರು-ನಾಲ್ಕು ಮಾಡಿದ್ದಾರೆ ಅಂದ್ರೆ ಡಾಕ್ಟರ ಕೈ ಪಳಗಿಲ್ಲ, ಇಲ್ಲಾಂದ್ರೆ ಬಿಲ್ ಏರಿಸೋಕೆ." ಭುಜದ ಆಪರೇಷನ್ ಆದವರ ಹೊಲಿಗೆ ನೋಡಿ ಹೀಗೆ ಹೇಳುವವರಿದ್ದಾರೆ. ಇದು ನಿಜವೇ? ತೂತುಗಳ ಲೆಕ್ಕದಿಂದ ಹಾಗೆ ತೀರ್ಮಾನಿಸಲು ಆಗುವುದಿಲ್ಲ. ಯಾಕೆಂದು ನೋಡೋಣ.

ಒಂದು ಸಾಲದೇ?

ಆರ್ಥ್ರೋಸ್ಕೋಪಿಯಲ್ಲಿ ಸುಮಾರು 4 ಮಿ.ಮೀ. ದಪ್ಪದ ಕ್ಯಾಮೆರಾ ಕೊಳವೆಯನ್ನು ಕೀಲಿನೊಳಗೆ ತೂರಿಸುತ್ತಾರೆ. ಅದು ಹೋಗುವ ಪುಟ್ಟ ದಾರಿಯ ಹೆಸರು 'ಪೋರ್ಟಲ್'. ಕ್ಯಾಮೆರಾ ಬರೀ ತೋರಿಸುತ್ತದೆ. ಕತ್ತರಿಸುವ, ಹೊಲಿಯುವ ಉಪಕರಣಗಳಿಗೆ ಬೇರೆ ದಾರಿ ಬೇಕು. ಹರಿದ ಸ್ನಾಯುರಜ್ಜು ಹೊಲಿಯುವಾಗ ಸರಿಯಾದ ಕೋನ ಸಿಗಲು ಮೂರನೆಯದು, ನಾಲ್ಕನೆಯದು ಬೇಕಾಗುವುದು ಸಾಮಾನ್ಯ.

ಜಾಗ ಆರಿಸುವುದು ಹೇಗೆ?

ಆಪರೇಷನ್ನಿಗೆ ಮೊದಲೇ ಭುಜದ ಮೂಳೆಗಳನ್ನು ಮುಟ್ಟಿ ನೋಡಿ, ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಾರೆ. ಒಳಗೆ ಸಲೈನ್ ಹರಿಸಿದಾಗ ಭುಜ ಊದಿಕೊಳ್ಳುತ್ತದೆ. ಆಮೇಲೆ ಮೂಳೆ ಕೈಗೆ ಸಿಗುವುದಿಲ್ಲ.

ಹಿಂಭಾಗ: ಸಾಮಾನ್ಯವಾಗಿ ಮೊದಲ ಪೋರ್ಟಲ್ ಇಲ್ಲೇ. ಭುಜದ ತುದಿಯ ಮೂಳೆಯ (ಅಕ್ರೋಮಿಯನ್) ಹಿಂದಿನ ಮೂಲೆಯಿಂದ ಸುಮಾರು 2 ಸೆಂ.ಮೀ. ಕೆಳಗೆ, 1-2 ಸೆಂ.ಮೀ. ಬೆನ್ನಿನ ಕಡೆಗೆ. ಬೆರಳಿನಿಂದ ಒತ್ತಿದರೆ ಅಲ್ಲಿ ಮೆತ್ತಗಿರುತ್ತದೆ.

ಮುಂಭಾಗ: ಇಲ್ಲಿ ಕೊರಕಾಯ್ಡ್ ಎಂಬ ಮೂಳೆಯ ಹೊರಬದಿಯಲ್ಲೇ ಉಳಿಯಬೇಕು. ಅದರ ಒಳಬದಿಯಲ್ಲಿ ತೋಳಿನ ಮುಖ್ಯ ರಕ್ತನಾಳ, ನರಗಳಿವೆ. ಮೊದಲು ಸೂಜಿ ಚುಚ್ಚಿ, ಅದು ಎಲ್ಲಿ ಬಂತೆಂದು ಒಳಗಿನ ಕ್ಯಾಮೆರಾದಲ್ಲಿ ನೋಡಿ, ಆಮೇಲೆ ಚರ್ಮ ಕೊಯ್ಯುತ್ತಾರೆ.

ಪಕ್ಕ: ಅಕ್ರೋಮಿಯನ್ ಅಂಚಿನಿಂದ 2-3 ಸೆಂ.ಮೀ. ಕೆಳಗೆ. ತೀರಾ ಕೆಳಗಿಳಿದರೆ ಅಪಾಯ: ಅಂಚಿನಿಂದ ಸುಮಾರು 5 ಸೆಂ.ಮೀ. ದೂರದಲ್ಲಿ ಆಕ್ಸಿಲರಿ ನರ ಹಾದುಹೋಗುತ್ತದೆ. ಈ ದೂರ ಎಲ್ಲರಲ್ಲೂ ಒಂದೇ ಅಲ್ಲ. ಅದಕ್ಕೆ ಪೆಟ್ಟಾದರೆ ತೋಳು ಎತ್ತುವ ಶಕ್ತಿ ಕುಗ್ಗಬಹುದು.

ಹಾಗಾಗಿ ತಪ್ಪು ಕೋನದ ದಾರಿಯಲ್ಲೇ ಉಪಕರಣವನ್ನು ಮೀಟಿ ತಿರುಗಿಸುವುದಕ್ಕಿಂತ, ಸರಿಯಾದ ಜಾಗದಲ್ಲಿ ಇನ್ನೊಂದು ಪೋರ್ಟಲ್ ಮಾಡುವುದೇ ಮೇಲು. ಹೆಚ್ಚು ತೂತು ಮಾಡಿದವರೇ ಜಾಣರು ಎಂದೂ ನಾವು ಹೇಳುತ್ತಿಲ್ಲ. ಯಾವುದು ಯಾವ ಕೆಲಸಕ್ಕೆ ಎನ್ನುವುದು ಮುಖ್ಯ. ಇದನ್ನು ನಿಮ್ಮ ವೈದ್ಯರನ್ನೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ಎಣಿಸಬೇಡಿ, ಗಮನಿಸಿ

ಆಪರೇಷನ್ ಆದ ಮೊದಲ ದಿನ ಸಲೈನ್ ಜಿನುಗಿ ಬ್ಯಾಂಡೇಜ್ ಒದ್ದೆಯಾಗುವುದು ಸಹಜ. ಆದರೆ ಗಾಯ ಕೆಂಪೇರುತ್ತಾ ಹೋದರೆ, ಕೀವು ಅಥವಾ ಜ್ವರ ಬಂದರೆ, ಮರಗಟ್ಟಿಸುವ ಇಂಜೆಕ್ಷನ್ನಿನ ಪರಿಣಾಮ ಇಳಿದ ಮೇಲೂ ತೋಳಿನ ಹೊರಭಾಗ ಜೋಮು ಹಿಡಿದಂತಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ಫಾರ್ವರ್ಡ್ ಮಾಡುವುದಿದ್ದರೆ ಈ ಕೊನೆಯ ಮಾತನ್ನು ಮಾಡಿ. ಮನೆಯಲ್ಲಿ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಕೂತವರಿಗೆ ಉಪಯೋಗಕ್ಕೆ ಬರುವುದು ಇದೇ.