ಟಿವಿ ಅಡ್ಜಸ್ಟ್ ಮಾಡಿ, ನೀವು ಅಡ್ಜಸ್ಟ್ ಆಗಬೇಡಿ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಕೊಪ್ಪಳ, ಗದಗದ ಅಂಗಡಿಗಳಿಂದ ಉದ್ದನೆಯ ಡಬ್ಬಿಗಳು ಟಂಟಂ ಏರಿ ನಮ್ಮ ತಳಕಲ್ ಕಡೆಯ ಊರುಗಳಿಗೂ ಬರುತ್ತಿವೆ. 32 ಇಂಚು ಸಾಕು ಎನ್ನುತ್ತಿದ್ದವರು ಈಗ 55 ಇಂಚಿಗೆ ಕೈ ಹಾಕುತ್ತಿದ್ದಾರೆ. ಕಂತು ಕಟ್ಟಿದರಾಯಿತು ಎಂಬ ಧೈರ್ಯ. ಟಿವಿ ಗೋಡೆ ಏರುತ್ತದೆ, ಊದಿನಕಡ್ಡಿ ಬೆಳಗಿ ಕಾಯಿ ಒಡೆಯುತ್ತಾರೆ, ಓಣಿಯವರು ಬಂದು ನೋಡಿ ಹೋಗುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ನನ್ನ ತಕರಾರು ಇರುವುದು ಇಲ್ಲಿಯೇ.

ವಾರ ಕಳೆಯುವುದರೊಳಗೆ ಮನೆಯಲ್ಲಿ ಒಂದು ಮಾತು ಶುರುವಾಗುತ್ತದೆ: ‘ಹಳೇ ಟಿವಿನೇ ಚೊಲೋ ಇತ್ತಲ್ಲ?’ ಮುಖಗಳು ಅಗಲ, ಅಕ್ಷರಗಳು ಮಸುಕು, ಬಣ್ಣ ಕಣ್ಣಿಗೆ ಹೊಡೆಯುವಂಥದ್ದು. ಆಮೇಲೆ ನಮ್ಮ ನಾಡಿನ ಜನಪ್ರಿಯ ಮದ್ದು ಹೊರಬರುತ್ತದೆ: ‘ಇರಲಿ ಬಿಡು, ಅಡ್ಜಸ್ಟ್ ಮಾಡ್ಕೊಂಡ್ರಾತು.’ ಅಡ್ಜಸ್ಟ್ ಆಗಬೇಕಾದದ್ದು ಟಿವಿ. ಆಗುತ್ತಿರುವವರು ನಾವು.

ಹಳೆಯ ಟಿವಿಯೇ ಚೆನ್ನಾಗಿತ್ತು ಎಂಬ ಅನುಮಾನ ಸುಳ್ಳೇನಲ್ಲ. ಅದಕ್ಕೆ ಲೆಕ್ಕವೇ ಇದೆ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ಅಂತರವನ್ನು ಗುರುತಿಸಬಲ್ಲದು. ಸಾಮಾನ್ಯ ಎಸ್‌ಡಿ ಚಾನೆಲ್‌ನ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳಿರುತ್ತವೆ. ಇದನ್ನು 32 ಇಂಚಿನ ಪರದೆಯ ಮೇಲೆ ಹರಡಿದರೆ ಸುಮಾರು 11 ಅಡಿ ದೂರ ಕೂತವರಿಗೆ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಅದೇ ಚಿತ್ರವನ್ನು 55 ಇಂಚಿಗೆ ಎಳೆದರೆ 19 ಅಡಿ ಹಿಂದೆ ಸರಿಯಬೇಕು. ನಮ್ಮ ಪಡಸಾಲೆಗಳು ಹೆಚ್ಚೆಂದರೆ ಹತ್ತು ಹನ್ನೆರಡು ಅಡಿ. ಹಾಗಾಗಿ ಹಳೆಯ ಡಿಶ್, ಹಳೆಯ ಪ್ಯಾಕ್ ಇಟ್ಟುಕೊಂಡು ಟಿವಿಯನ್ನಷ್ಟೇ ದೊಡ್ಡದು ಮಾಡಿದರೆ ದೊಡ್ಡದಾಗುವುದು ಮಸುಕು ಮಾತ್ರ.

4ಕೆ ಎಂಬ ಮಾತಿನ ಲೆಕ್ಕವೂ ಇಷ್ಟೇ ಸ್ವಾರಸ್ಯದ್ದು. ಫುಲ್ ಎಚ್‌ಡಿಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿದ್ದರೆ 4ಕೆಯಲ್ಲಿ ಸುಮಾರು 83 ಲಕ್ಷ. ಆದರೆ 55 ಇಂಚಿನ ಟಿವಿಯಲ್ಲಿ ಫುಲ್ ಎಚ್‌ಡಿಯ ಚುಕ್ಕೆಗಳು ಏಳು ಅಡಿಗೇ ಕಣ್ಣಿಗೆ ಬೆರೆತು ಹೋಗುತ್ತವೆ. ಹತ್ತು ಅಡಿ ದೂರ ಕೂತು ನೋಡುವ ಮನೆಯಲ್ಲಿ 4ಕೆಗೆಂದು ಕೊಟ್ಟ ಹೆಚ್ಚಿನ ದುಡ್ಡು ಚಿತ್ರದಲ್ಲಿ ಕಾಣುವುದೇ ಇಲ್ಲ. ಅಂಗಡಿಯಲ್ಲಿ ಟಿವಿಯನ್ನು ಮೂರು ಅಡಿ ದೂರದಲ್ಲಿ ನಿಂತು ನೋಡುತ್ತೇವೆ, ಮನೆಯಲ್ಲಿ ಗೋಡೆಗೆ ಒರಗಿ ನೋಡುತ್ತೇವೆ. ಕೊಳ್ಳುವ ಮೊದಲು ಟೇಪು ಹಿಡಿದು ಮನೆ ಅಳೆಯುವುದು ಅವಮಾನವೇನಲ್ಲ.

ಈಗಾಗಲೇ ಕೊಂಡಾಗಿದ್ದರೆ ಏನು ಮಾಡುವುದು? ಮೊದಲು ಟಿವಿಯ ಹಿಂದೆ ಕೈ ಹಾಕಿ. ಸೆಟ್‌ಟಾಪ್ ಬಾಕ್ಸ್‌ನಿಂದ ಹಳದಿ, ಕೆಂಪು, ಬಿಳಿ ಬಣ್ಣದ ಮೂರು ವೈರುಗಳು ಬಂದಿದ್ದರೆ ರೋಗ ಅಲ್ಲಿಯೇ ಇದೆ. ಹಳದಿ ವೈರಿನಲ್ಲಿ ಎಚ್‌ಡಿ ಚಿತ್ರ ಹರಿಯುವುದೇ ಇಲ್ಲ. ನೀವು ಎಚ್‌ಡಿ ಪ್ಯಾಕಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿದರೂ ಟಿವಿಗೆ ತಲುಪುವುದು ಎಸ್‌ಡಿ. ಎಚ್‌ಡಿ ಬಾಕ್ಸ್ ಇದ್ದರೆ ಒಂದು ಎಚ್‌ಡಿಎಂಐ ಕೇಬಲ್ ಹಾಕಿ, ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ 1080 ಎಂದು ಆರಿಸಿ.

ಎರಡನೆಯದು ಪಿಕ್ಚರ್ ಮೋಡ್. ‘ವಿವಿಡ್’, ‘ಡೈನಾಮಿಕ್’ ಎಂಬ ಮೋಡ್‌ಗಳು ಸಾಲು ಸಾಲು ದೀಪಗಳ ಕೆಳಗೆ ಹತ್ತು ಟಿವಿಗಳ ನಡುವೆ ಗಿರಾಕಿಯ ಕಣ್ಣು ಸೆಳೆಯುವುದಕ್ಕೆ ಸರಿ. ಮನೆಯಲ್ಲಿ ‘ಸಿನಿಮಾ’ ಅಥವಾ ‘ಮೂವಿ’ಗೆ ಬದಲಿಸಿ. ಮೊದಲ ದಿನ ‘ಬಣ್ಣಾನ ಸತ್ತಂಗ ಆತಲ್ಲಪಾ’ ಎಂದು ಮನೆಯವರು ಗೊಣಗುತ್ತಾರೆ. ನೀಲಿ ಬೆರೆತ ಬಿಳಿಗೆ ಒಗ್ಗಿದ ಕಣ್ಣಿಗೆ ನಿಜವಾದ ಬಿಳಿ ಹಳದಿಯಾಗಿ ಕಾಣುತ್ತದೆ. ಎರಡು ಮೂರು ದಿನ ತಡೆದರೆ ಮನುಷ್ಯರ ಮೈಬಣ್ಣ ಮನುಷ್ಯರಂತೆ ಕಾಣತೊಡಗುತ್ತದೆ. ಶಾರ್ಪ್‌ನೆಸ್ ಇಳಿಸಿ. ಅದು ಹೊಸ ವಿವರವನ್ನು ತರುವುದಿಲ್ಲ, ಅಂಚುಗಳಿಗೆ ಗೆರೆ ಎಳೆಯುತ್ತದೆ ಅಷ್ಟೇ.

ಮೂರನೆಯದು ಅಳತೆ. 1954ರ ‘ಬೇಡರ ಕಣ್ಣಪ್ಪ’ದಂಥ ಹಳೆಯ ಚಿತ್ರಗಳು ಹೆಚ್ಚುಕಡಿಮೆ 4:3 ಅಳತೆಯವು. ಅದನ್ನು 16:9 ಪರದೆಯ ತುಂಬ ಎಳೆದರೆ ರಾಜ್‌ಕುಮಾರ್ ಮುಖ ಮೂರನೇ ಒಂದು ಪಾಲು ಹೆಚ್ಚು ಅಗಲವಾಗುತ್ತದೆ. ಎರಡೂ ಬದಿ ಕಪ್ಪು ಪಟ್ಟಿ ಕಂಡರೆ ದುಡ್ಡು ದಂಡವಾಯಿತು ಎಂದು ಕೆಲವರಿಗೆ ಸಂಕಟ. ಪಟ್ಟಿ ಇರಲಿ, ಅಣ್ಣಾವ್ರ ಮುಖ ಸರಿ ಇರಲಿ.

ನಾಲ್ಕನೆಯದು ಮೋಷನ್ ಸ್ಮೂದಿಂಗ್. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ಚಿತ್ರಿತವಾಗಿರುತ್ತದೆ. ಟಿವಿ ನಡುನಡುವೆ ತಾನೇ ಹುಟ್ಟಿಸಿದ ಫ್ರೇಮ್‌ಗಳನ್ನು ತುರುಕಿದಾಗ ದೊಡ್ಡ ಬಜೆಟ್ಟಿನ ಚಿತ್ರವೂ ಧಾರಾವಾಹಿಯಂತೆ ಕಾಣುತ್ತದೆ. 2018ರಲ್ಲಿ ನಟ ಟಾಮ್ ಕ್ರೂಸ್ ವಿಡಿಯೊ ಮಾಡಿ ಇದನ್ನು ಆಫ್ ಮಾಡಿ ಎಂದು ಕೇಳಿಕೊಂಡಿದ್ದರು. ಕ್ರಿಕೆಟ್ ನೋಡುವಾಗ ಬೇಕಿದ್ದರೆ ಇಟ್ಟುಕೊಳ್ಳಿ.

‘ಮಧ್ಯಾಹ್ನ ಬಾಗಿಲು ತೆಗೆದು ಕೂತರೆ ನಿನ್ನ ಸಿನಿಮಾ ಮೋಡ್‌ನಾಗ ಏನೂ ಕಾಣಂಗಿಲ್ಲ’ ಎಂದು ಅವ್ವ ಹೇಳಿದರೆ ಅವಳ ಮಾತೂ ಸರಿಯೇ. ನಮ್ಮ ಕಡೆಯ ಬಿಸಿಲು ಸಿನಿಮಾ ಮಂದಿರದ ಕತ್ತಲಲ್ಲ. ಹಗಲಿಗೆ ಬ್ಯಾಕ್‌ಲೈಟ್ ಏರಿಸಿ, ರಾತ್ರಿಗೆ ಇಳಿಸಿ. ಇಳಿಸಿದಷ್ಟೂ ಕರೆಂಟು ಉಳಿಯುತ್ತದೆ. 100 ವಾಟ್ ಎಳೆಯುವ ಟಿವಿ ದಿನಕ್ಕೆ 6 ತಾಸು ನಡೆದರೆ ತಿಂಗಳಿಗೆ 18 ಯೂನಿಟ್. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರದೇ ಮಿತಿ ಇರುವಾಗ ಇದು ಸಣ್ಣ ಲೆಕ್ಕವಲ್ಲ.

ಇಷ್ಟಾದರೂ ಅರ್ಧ ಕೆಲಸವೇ. ಇನ್ನರ್ಧ, ಈ ಪರದೆಯನ್ನು ಯಾತಕ್ಕೆ ಬಳಸುತ್ತೇವೆ ಎಂಬುದು. ಈ ವಿಷಯದಲ್ಲಿ ನಮ್ಮ ನೆಲಕ್ಕೆ ಒಂದು ಹಿರಿಮೆ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೊ, ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ‘ಸೈಟ್’ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಕಾರ್ಯಕ್ರಮ ಬಂತು. ಕರ್ನಾಟಕದಿಂದ ಆಯ್ಕೆಯಾದವು ಇಂದಿನ ಹೆಸರಿನಲ್ಲಿ ಹೇಳುವುದಾದರೆ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲಿತ್ತು. ಕೋಳಿಗೂಡಿನ ಜಾಲರಿಯಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿಯ ಆಂಟೆನಾ, ಊರಿಗೊಂದು ಟಿವಿ. ಅದರಲ್ಲಿ ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು. ನಮ್ಮ ಭಾಗದ ಹಳ್ಳಿಗಳಿಗೆ ಟಿವಿ ಬಂದದ್ದೇ ಮೇಷ್ಟ್ರಾಗಿ.

ಐವತ್ತು ವರ್ಷಗಳ ನಂತರ ಎಸ್‌ಡಿಗಿಂತ ಇಪ್ಪತ್ತು ಪಟ್ಟು ಹೆಚ್ಚು ಚುಕ್ಕೆಗಳ ಪರದೆ ಮನೆಯಲ್ಲೇ ಇದೆ. ಆದರೆ ಪರೀಕ್ಷೆಗೆ ಓದುವ ಹುಡುಗಿ ಆರು ಇಂಚಿನ ಮೊಬೈಲಿನಲ್ಲಿ ಕತ್ತು ಬಗ್ಗಿಸಿ, ಬೋರ್ಡಿನ ಮೇಲಿನ ಸಮೀಕರಣವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾಳೆ. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳು ಉಚಿತ. 2017ರಲ್ಲಿ ಶುರುವಾದ ಸ್ವಯಂ ಪ್ರಭಾ ಚಾನೆಲ್‌ಗಳಿಗೆ ಇಂಟರ್‌ನೆಟ್ಟೂ ಬೇಕಿಲ್ಲ, ಡಿಡಿ ಫ್ರೀ ಡಿಶ್ ಸಾಕು. ಲ್ಯಾಪ್‌ಟಾಪ್ ಇದ್ದರೆ ಎಚ್‌ಡಿಎಂಐನಿಂದ ಟಿವಿಗೆ ಜೋಡಿಸಿ. ಪರದೆಯ ಅಂಚು ಕತ್ತರಿಸಿದಂತೆ ಕಂಡರೆ ‘ಸ್ಕ್ರೀನ್ ಫಿಟ್’ ಅಥವಾ ‘ಜಸ್ಟ್ ಸ್ಕ್ಯಾನ್’ ಆರಿಸಿ. ಕೆಲವು ಟಿವಿಗಳಲ್ಲಿ ಇನ್‌ಪುಟ್‌ಗೆ ‘ಪಿಸಿ’ ಎಂದು ಹೆಸರಿಟ್ಟರೆ ಅಕ್ಷರಗಳು ಇನ್ನೂ ತಿಳಿಯಾಗುತ್ತವೆ. ಇಲ್ಲಿ ಆರು ಅಡಿ ಹತ್ತಿರ ಕೂತು ಓದುವವರಿಗೆ ದೊಡ್ಡ ಪರದೆಯ ದುಡ್ಡು ನಿಜಕ್ಕೂ ವಸೂಲಾಗುತ್ತದೆ.

ಧಾರಾವಾಹಿ ನೋಡಬಾರದು ಎಂದು ನಾನು ಹೇಳುತ್ತಿಲ್ಲ. ದಿನವಿಡೀ ದುಡಿದ ಅವ್ವನ ಪಾಲಿಗೆ ಆ ಎರಡು ತಾಸು ನ್ಯಾಯವಾದದ್ದು. ಉಳಿದ ಹೊತ್ತಿನಲ್ಲಿ ಒಂದಿಷ್ಟು ಓದುವವರಿಗೆ ಸಿಗಲಿ ಎಂಬುದಷ್ಟೇ ಬೇಡಿಕೆ. ಕಂತನ್ನು ಇಡೀ ಮನೆ ಕಟ್ಟುತ್ತದೆ. ಶೇಂಗಾ ಮಾರಿದ ದುಡ್ಡೋ, ಅಣ್ಣನ ಓವರ್‌ಟೈಮೋ ಅದರಲ್ಲಿ ಸೇರಿರುತ್ತದೆ. ಆ ದುಡ್ಡಿಗೆ ತಕ್ಕ ಚಿತ್ರ, ತಕ್ಕ ಉಪಯೋಗ ಕೇಳುವುದು ದುರಾಸೆಯಲ್ಲ.

ಮನೆಯಲ್ಲಿ ಓದಿದವರು ಅಂತ ಇರುವುದು ನಾವೇ. ಪವರ್ ಬಟನ್, ವಾಲ್ಯೂಮ್, ಚಾನೆಲ್ ಬಿಟ್ಟರೆ ರಿಮೋಟಿನ ಉಳಿದ ಗುಂಡಿಗಳಿಗೆ ಹಿರಿಯರು ಹೆದರುತ್ತಾರೆ. ನಾವು ಹೆದರಬೇಕಿಲ್ಲ, ಕೆಟ್ಟರೆ ‘ರಿಸೆಟ್’ ಇದ್ದೇ ಇದೆ. ಈ ಭಾನುವಾರ ಒಂದು ತಾಸು ಕೊಡಿ. ನಿಮ್ಮ ಮನೆಯದು ಮುಗಿದರೆ ಪಕ್ಕದ ಮನೆಯ ಕಾಕಾನ ಟಿವಿಯ ಹಿಂದಿನ ಹಳದಿ ವೈರನ್ನೂ ಒಮ್ಮೆ ನೋಡಿ ಬನ್ನಿ.