ಭಂಡಾರಿಯೂ ಕಲಾಶಾಲೆಯೂ

ಕಲಾಸಂಗ್ರಹಾಲಯದ ನಿರ್ದೇಶಕನು ಹಣಕಾಸಿನ ವ್ಯವಹಾರದಲ್ಲಿ ಪಳಗಿದವನೆಂದು ತಿಳಿದೊಡನೆಯೇ ನಮ್ಮ ರಸಿಕರಲ್ಲಿ ಹಲವರು ಮೂಗು ಮುರಿಯುತ್ತಾರೆ. ಚಿತ್ರವನ್ನೂ ಶಿಲ್ಪವನ್ನೂ ಬಲ್ಲವನು ಕುಳಿತುಕೊಳ್ಳತಕ್ಕ ಪೀಠದಲ್ಲಿ ಜಮಾಖರ್ಚು ಬರೆಯುವವನಿಗೇನು ಕೆಲಸವೆಂಬುದು ಅವರ ಆಕ್ಷೇಪಣೆ. ದೂರದೇಶದವರು ಈ ಮಾತನ್ನಾಡಿದರೆ ಕ್ಷಮಿಸಬಹುದು. ಬೆಳಗೊಳದ ನೆರೆಯಲ್ಲಿ ಬಾಳುವ ನಾವು ಆಡುವುದು ತರವಲ್ಲ.

ಶ್ರವಣಬೆಳಗೊಳದ ಊರೊಳಗೆ, ಮಠದ ಸಮೀಪದಲ್ಲಿ, ಭಂಡಾರಿ ಬಸದಿಯಿದೆ. ಬೆಟ್ಟವನ್ನೇರುವ ಆತುರದಲ್ಲಿ ಯಾತ್ರಿಕರು ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 266 ಅಡಿ ಉದ್ದ, 78 ಅಡಿ ಅಗಲವುಳ್ಳ ಇದು ಈ ಕ್ಷೇತ್ರದ ಬಸದಿಗಳಲ್ಲೆಲ್ಲ ದೊಡ್ಡದು. ಗರ್ಭಗೃಹದಲ್ಲಿ ಒಂದೇ ಸಾಲಾಗಿ ನಿಂತ ಇಪ್ಪತ್ತನಾಲ್ವರು ತೀರ್ಥಂಕರರು, ನವರಂಗದ ಬಾಗಿಲ ಮೇಲೆ ಕುಣಿಯುವ ಇಂದ್ರ. ಆ ಇಂದ್ರನನ್ನು ನೋಡುವುದಕ್ಕಾಗಿಯೇ ಒಮ್ಮೆ ಹೋಗಿಬರಬಹುದು. 1159ರಲ್ಲಿ ಇದನ್ನು ಕಟ್ಟಿಸಿದವನು ಹುಳ್ಳ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ, ಎಂದರೆ ರಾಜ್ಯದ ಬೊಕ್ಕಸದ ಅಧಿಕಾರಿ. ಜಿನಧರ್ಮವನ್ನು ಎತ್ತಿಹಿಡಿದವರಲ್ಲಿ ಚಾವುಂಡರಾಯ, ಗಂಗರಾಜರ ತರುವಾಯ ಶಾಸನವು ಇವನನ್ನೇ ಎಣಿಸುತ್ತದೆ. ಬಸದಿಗೆ ಬಂದ ನರಸಿಂಹನು ಅದಕ್ಕೆ ಭವ್ಯಚೂಡಾಮಣಿಯೆಂದು ಹೆಸರಿಟ್ಟು ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು.

ಹುಳ್ಳನು ದಾನಿಯೇ ಹೊರತು ಸಂಗ್ರಹಾಲಯದ ನಿರ್ದೇಶಕನಲ್ಲವಷ್ಟೆ ಎಂದು ಪ್ರತಿವಾದಿಗಳು ಹೇಳಬಹುದು. ದಿಟ. ಆದರೆ ವಾಚಕರು ಆ ದತ್ತಿಯನ್ನು ಗಮನಿಸಬೇಕು. ಕಲ್ಲು ಕಡೆಯುವುದು ಶಿಲ್ಪಿಯ ವಿದ್ಯೆ; ಕಡೆದ ಕಲ್ಲು ನೂರಾರು ವರ್ಷ ಮಾಸದಂತೆ, ಮಾಡು ಸೋರದಂತೆ ಊರಿನ ಹುಟ್ಟುವಳಿಯನ್ನು ಕಟ್ಟಿಡುವುದು ಭಂಡಾರಿಯ ವಿದ್ಯೆ. ಉದ್ಘಾಟನೆಯ ಹಾರತುರಾಯಿಗಳಲ್ಲಿಯೇ ಹಣ ಮುಗಿಸಿ, ಮರುವರ್ಷದ ಸುಣ್ಣಬಣ್ಣಕ್ಕೆ ಸರ್ಕಾರದ ಬಾಗಿಲಲ್ಲಿ ನಿಲ್ಲುವ ನಮ್ಮ ಕಲಾಸಂಸ್ಥೆಗಳಿಗೆ ಈ ಎರಡನೆಯ ವಿದ್ಯೆ ಬೇಡವೆ?

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಂಥ ಸಿರಿವಂತ ಸಂಸ್ಥೆಯೂ ಈ ಪಾಠವನ್ನು ಕಲಿಯಬೇಕಾಯಿತು. ಚಿತ್ರವಸ್ತ್ರಗಳ ಪಾಂಡಿತ್ಯದಲ್ಲಿ ಹೆಸರಾದ ಥಾಮಸ್ ಕ್ಯಾಂಬೆಲ್ ನಿರ್ದೇಶಕರಾಗಿದ್ದ ಕಾಲದಲ್ಲಿ ಖರ್ಚು ಆದಾಯವನ್ನು ಮೀರಿತು, ನೌಕರರು ಕೆಲಸ ಕಳೆದುಕೊಂಡರು, ಹೊಸ ಕಟ್ಟಡದ ಯೋಜನೆ ಮುಂದಕ್ಕೆ ಹೋಯಿತು. 2017ರಲ್ಲಿ ಅವರು ಪದತ್ಯಾಗ ಮಾಡಿದರು. 2018ರಲ್ಲಿ ಆ ಸ್ಥಾನಕ್ಕೆ ಬಂದ ಮ್ಯಾಕ್ಸ್ ಹೋಲೈನ್ ವಿಯೆನ್ನಾದಲ್ಲಿ ಕಲೆಯ ಚರಿತ್ರೆಯನ್ನೂ ವ್ಯಾಪಾರಾಡಳಿತವನ್ನೂ ಒಟ್ಟಿಗೆ ಓದಿದವರು. ಎರಡರಲ್ಲಿ ಒಂದನ್ನು ಮಾತ್ರ ಬಲ್ಲವನು ಸಾಲದೆಂದೇ ನನ್ನ ವಾದ. ಚಿತ್ರದ ಮುಂದೆ ನಿಂತು ನೋಡುಗರ ತಲೆಯೆಣಿಸುವುದನ್ನು ಬಿಟ್ಟು ಬೇರೇನೂ ತಿಳಿಯದವನನ್ನು ಭಂಡಾರಿಯೆಂದು ತಂದು ಕೂರಿಸಿದರೆ ಅದಕ್ಕೂ ನಾನು ವಿರೋಧಿಯೇ.

ನಮ್ಮ ರಾಜಧಾನಿಯಲ್ಲಿ ನಡೆದುದನ್ನೇ ನೋಡಿ. ಚಿತ್ರಕಾರ ಕೆ. ವೆಂಕಟಪ್ಪನವರ ಹೆಸರಿನ ಸರ್ಕಾರಿ ಚಿತ್ರಶಾಲೆಯನ್ನು 2015ರಲ್ಲಿ ಖಾಸಗಿ ಪ್ರತಿಷ್ಠಾನವೊಂದರ ಕೈಗೊಪ್ಪಿಸುವ ಒಡಂಬಡಿಕೆಯಾದಾಗ ಕಲಾವಿದರು ಬೀದಿಗಿಳಿದರು. ಅವರು ಮಾಡಿದ್ದು ಸರಿ. ಸಾರ್ವಜನಿಕರ ಸೊತ್ತು ಸಿರಿವಂತನ ಜಗಲಿಯಾಗಬಾರದು. ಆದರೆ ಆ ಚಿತ್ರಶಾಲೆಗೆ ಅಂಥ ಗತಿ ಬಂದುದೇಕೆಂದು ಕೇಳಿದವರು ವಿರಳ. ವರ್ಷಕ್ಕೆಷ್ಟು ಬೇಕು, ಎಲ್ಲಿಂದ ತರಬೇಕು, ಯಾವುದನ್ನು ಮೂಲಧನವಾಗಿ ಕೂಡಿಡಬೇಕೆಂದು ಲೆಕ್ಕ ಹಾಕಬಲ್ಲ ಅಧಿಕಾರಿಯೊಬ್ಬನು ಒಳಗೆ ಇದ್ದಿದ್ದರೆ ಹೊರಗಿನ ಹಣವಂತನನ್ನು ಕರೆಯುವ ಪ್ರಮೇಯವೇ ಬರುತ್ತಿರಲಿಲ್ಲವೆಂದು ನಾನು ಎಣಿಸುತ್ತೇನೆ. ಲೆಕ್ಕವನ್ನು ಹೀನಾಯವಾಗಿ ಕಂಡವರೇ ಕಲೆಯನ್ನು ಲೆಕ್ಕದವರಿಗೆ ಅಡವಿಡುತ್ತಾರೆ.

ಇನ್ನು ಮುಂದೆ ಸರ್ಕಾರವು ಇಂಥ ಪೀಠಗಳಿಗೆ ಜನರನ್ನು ಆರಿಸುವಾಗ ಅಭ್ಯರ್ಥಿಯನ್ನು ಬೆಳಗೊಳಕ್ಕೆ ಕರೆತರಲಿ. ಮೊದಲು ಭಂಡಾರಿ ಬಸದಿಯ ಇಂದ್ರನನ್ನು ತೋರಿಸಿ ಅವನಿಗೇನು ಕಾಣುತ್ತದೆಯೆಂದು ಕೇಳಲಿ. ಅನಂತರ ಸವಣೇರಿನ ದತ್ತಿಯನ್ನು ಓದಿಸಿ, ಈ ಊರಿನ ಹುಟ್ಟುವಳಿಯನ್ನು ನೀನು ಹೇಗೆ ಹಂಚುತ್ತಿದ್ದೆಯೆಂದು ಕೇಳಲಿ.